ಅಪಾಸ್ಟ್ರಫಿಯ ಕೊಕ್ಕೆ

ಇಂಗ್ಲಿಷ್ ಬರವಣಿಗೆಯಲ್ಲಿ ಅಕ್ಷರದ ನೆತ್ತಿಯ ಮಗ್ಗುಲಿಗೆ ತೂಗುವ ಸಣ್ಣ ಕೊಕ್ಕೆಯೇ ಅಪಾಸ್ಟ್ರಫಿ. ಅದಕ್ಕೆ ಮುಖ್ಯವಾಗಿ ಎರಡು ಕೆಲಸ. ಬಿಟ್ಟುಹೋದ ಅಕ್ಷರದ ಜಾಗ ತೋರಿಸುವುದು ಒಂದು. ಒಂದು ವಸ್ತು ಯಾರದು, ಯಾವುದರದು ಎಂದು ಹೇಳುವುದು ಇನ್ನೊಂದು. ಸಾಮಾನ್ಯ ಬಹುವಚನಕ್ಕೆ ಅದರ ಹಂಗಿಲ್ಲ. ಆದರೂ ಬೆಂಗಳೂರಿನ ಕೆ.ಆರ್. ಪುರದ ತೂಗುಸೇತುವೆಯಿಂದ ಟಿನ್ ಫ್ಯಾಕ್ಟರಿಯವರೆಗೆ ಕಂಬಗಳಿಗೆ ಕಟ್ಟಿದ ಪಿಜಿ ಬೋರ್ಡುಗಳಲ್ಲಿ ‘ಲೇಡೀಸ್’ ಎಂಬ ಪದ ಮತ್ತೆ ಮತ್ತೆ ಒಂದೇ ಕಡೆ ಮುರಿದಿರುತ್ತದೆ: ಎಲ್, ಎ, ಡಿ, ಐ, ಇ, ಅಲ್ಲೊಂದು ಕೊಕ್ಕೆ, ಕೊನೆಗೆ ಎಸ್. ‘ಜೆಂಟ್ಸ್’ಗೂ ಅದೇ ಗತಿ. ಶಿವಾಜಿನಗರಕ್ಕೆ ಬಂದರೆ ಚಾಟ್ಸ್, ರೋಲ್ಸ್, ಟೈಲರ್ಸ್, ಎಸ್ ಕಂಡಲ್ಲೆಲ್ಲ ಕೊಕ್ಕೆ.

ಈ ಬೋರ್ಡುಗಳ ಬಗ್ಗೆ ನಗರದ ಇಂಗ್ಲಿಷ್ ಬಲ್ಲವರಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರುಬಿಟ್ಟಿದೆ. ಕನ್ನಡ, ತಮಿಳು, ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಈ ತಪ್ಪು. ಮನೆಮಾತನ್ನು ಬಾಗಿಲಾಚೆ ಬಿಟ್ಟು ಇಂಗ್ಲಿಷಿನಲ್ಲೇ ಯೋಚಿಸಲು ಕಲಿತರೆ ಅದು ತಾನಾಗಿ ಹೋಗುತ್ತದೆ. ಇಷ್ಟೂ ತಿಳಿಯದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಹಿಂದೆಮುಂದೆ ನೋಡಬೇಕು. ಬೋರ್ಡಿನ ಫೋಟೊ ತೆಗೆದು ಹಂಚಿ ನಗುವುದು ಈ ಅಭಿಪ್ರಾಯದ ಮೋಜಿನ ಮುಖ. ಕೊಕ್ಕೆ ತಪ್ಪಿದ ಬಯೊಡೇಟಾವನ್ನು ಮುಂದೆ ಓದದೆ ಪಕ್ಕಕ್ಕಿಡುವುದು ಅದರ ಇನ್ನೊಂದು ಮುಖ, ಅಷ್ಟೇನೂ ಮೋಜಿನದಲ್ಲ. ಈ ಅಭಿಪ್ರಾಯಕ್ಕೆ ಚರಿತ್ರೆಯ ಆಧಾರವಿಲ್ಲ, ಭಾಷೆಯ ಆಧಾರವೂ ಇಲ್ಲ. ಮನೆಮಾತಿನ ಬಗ್ಗೆ ಅದು ಹೇಳುವುದಂತೂ ನಿಜಕ್ಕೆ ಪೂರ್ತಿ ತಿರುಗುಮುರುಗು.

ಮೊದಲು ನಿಯಮ ಏನೆಂದು ನೋಡಬೇಕು. ಅದು ದೊಡ್ಡದೇನಲ್ಲ. ‘ಬಾಯ್’ಗೆ ಎಸ್ ಸೇರಿದರೆ ಹುಡುಗರು, ಕೊಕ್ಕೆ ಬೇಡ. ಒಬ್ಬ ಹುಡುಗನ ಪುಸ್ತಕ ಎನ್ನಬೇಕಾದರೆ ಕೊಕ್ಕೆ ಎಸ್‌ಗಿಂತ ಮುಂಚೆ. ಹುಡುಗರ ಶಾಲೆ ಎನ್ನಬೇಕಾದರೆ ಎಸ್ ಆದಮೇಲೆ. 1865ರಲ್ಲಿ ಶುರುವಾದ ಬಿಷಪ್ ಕಾಟನ್ ಬಾಯ್ಸ್ ಸ್ಕೂಲ್ ತನ್ನ ಹೆಸರಿನಲ್ಲಿ ಕೊಕ್ಕೆಯನ್ನು ಹೀಗೆ ಎಸ್ ದಾಟಿಸಿಯೇ ಇಟ್ಟುಕೊಂಡಿದೆ. ಒಂದಕ್ಷರ ಹಿಂದೆ ಸರಿಸಿದರೆ ಇಡೀ ಶಾಲೆ ಒಬ್ಬನೇ ಹುಡುಗನ ಪಾಲಾಗುತ್ತದೆ. ‘ಮೆನ್’, ‘ವಿಮೆನ್’, ‘ಚಿಲ್ಡ್ರನ್’ ಇವು ಎಸ್ ಇಲ್ಲದೆಯೇ ಬಹುವಚನವಾದ ಪದಗಳು. ಇವಕ್ಕೆ ಒಡೆತನ ಹೇಳುವಾಗ ಕೊಕ್ಕೆ ಹಾಕಿ ಎಸ್ ಸೇರಿಸಿದರೆ ಆಯಿತು. ‘ಇಟ್ಸ್’ನಲ್ಲಿ ಕೊಕ್ಕೆ ಇದ್ದರೆ ಅದು ‘ಇಟ್ ಈಸ್’ನ ಮೊಟಕು ರೂಪ, ಇಲ್ಲದಿದ್ದರೆ ‘ಅದರ’. ಇನ್ನು ಪಿಜಿ ಬೋರ್ಡಿನ ಪದ: ಲೇಡಿಯ ಬಹುವಚನದಿಂದ ಎಸ್ ಕಿತ್ತು ನಡುವೆ ಕೊಕ್ಕೆ ತೂರಿಸಿದರೆ ಹಿಂದೆ ಉಳಿಯುವ ತುಂಡು ಇಂಗ್ಲಿಷಿನ ಯಾವ ಪದವೂ ಅಲ್ಲ. ಹಾಗಾಗಿ ಬೋರ್ಡು ತಪ್ಪೇ. ಹತ್ತು ನಿಮಿಷದ ಪಾಠ ಇದು, ಕಲಿಸಲೇಬೇಕು. ತಕರಾರು ಇರುವುದು ಈ ಹತ್ತು ನಿಮಿಷದ ಮೇಲೆ ಕಟ್ಟಿದ ದರ್ಪದ ಬಗ್ಗೆ.

ಆ ದರ್ಪದ ಬುನಾದಿ, ನಿಯಮ ಅನಾದಿಯೆಂಬ ನಂಬಿಕೆ. ಹಳೆಯ ಇಂಗ್ಲಿಷಿಗೆ ಷಷ್ಠೀ ವಿಭಕ್ತಿಯ ಪ್ರತ್ಯಯವಿತ್ತು. ಅನೇಕ ನಾಮಪದಗಳ ಕೊನೆಗೆ ಇ ಮತ್ತು ಎಸ್ ಸೇರುತ್ತಿದ್ದವು. ಯಾವ ಚಿಹ್ನೆಯೂ ಇರಲಿಲ್ಲ. ಕೊಕ್ಕೆ 16ನೇ ಶತಮಾನದಲ್ಲಿ ಫ್ರೆಂಚ್ ಮುದ್ರಕರ ಬಳಿಯಿಂದ ಬಂತು, ಅದೂ ಬಿಟ್ಟ ಅಕ್ಷರ ತೋರಿಸಲಿಕ್ಕೆ ಮಾತ್ರ. ಒಡೆತನದ ಕೆಲಸ ಅದರ ತಲೆಗೆ ಬಿದ್ದದ್ದು ಆಮೇಲೆ. ಕೊನೆಯ ಎಸ್ ಎಂದರೆ ‘ಹಿಸ್’ನ, ಅಂದರೆ ‘ಅವನ’ ಎಂಬುದರ, ಅಳಿದುಳಿದ ರೂಪ ಎಂದು ಆ ಕಾಲದ ಹಲವರು ನಂಬಿದ್ದರು. ಆ ವ್ಯುತ್ಪತ್ತಿ ಶುದ್ಧ ತಪ್ಪು, ಆದರೆ ಕೊಕ್ಕೆಗೆ ಅದರಿಂದ ಸಿಕ್ಕ ಬೆಂಬಲ ಸಣ್ಣದಲ್ಲ. 17, 18ನೇ ಶತಮಾನಗಳಲ್ಲಿ ಸ್ವರದಿಂದ ಮುಗಿಯುವ ಪರಭಾಷಾ ಪದಗಳ ಬಹುವಚನಕ್ಕೆ ಕೊಕ್ಕೆ ಹಾಕುವುದು ಓದಿದವರ ರೂಢಿಯೇ ಆಗಿತ್ತು. ಒಂದು ಒಪೆರಾ ಎರಡಾದರೆ ಕೊಕ್ಕೆ ಹಾಕಿ ಎಸ್ ಬರೆಯುತ್ತಿದ್ದರು. ಇಂದು ತರಕಾರಿ ಗಾಡಿಯ ಟೊಮೆಟೊಗೆ ಆಗುವುದೂ ಅದೇ. ಬಹುವಚನದ ಒಡೆತನಕ್ಕೆ ಎಸ್ ಆಚೆ ಕೊಕ್ಕೆ ಎಂಬುದು 18ನೇ ಶತಮಾನದ ಕೊನೆಗೆ ಬಲ ಪಡೆದು, 19ನೇ ಶತಮಾನದ ನಡುಭಾಗದ ಹೊತ್ತಿಗೆ ಅಚ್ಚುಕೂಟಗಳಲ್ಲಿ ನೆಲೆಯಾಯಿತು. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ಮೂಲ ಪ್ರತಿಯಲ್ಲಿ ‘ಅದರ’ ಎಂಬರ್ಥದ ‘ಇಟ್ಸ್’ಗೆ ಕೊಕ್ಕೆ ಇದೆ. ಅದನ್ನು ಬರೆದವರು ಇಂದು ಇಂದಿರಾನಗರದ ಕಚೇರಿಗೆ ಅರ್ಜಿ ಹಾಕಿದರೆ ಮೊದಲ ಸುತ್ತಿನಲ್ಲೇ ಹೊರಗೆ.

ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ದಂಡು ಹಲಸೂರಿಗೆ ಬಂದು 1809ರಲ್ಲಿ ಕಂಟೋನ್ಮೆಂಟ್ ನೆಲೆಯಾದಾಗ, ಆ ದಂಡಿನವರ ಸ್ವಂತ ನಾಡಿನಲ್ಲೇ ಈ ನಿಯಮ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ.

ದಂಡು ಪ್ರದೇಶ ತನ್ನ ಹೆಸರುಗಳಲ್ಲಿ ಈ ನಿಯಮವನ್ನು ಎಷ್ಟರ ಮಟ್ಟಿಗೆ ಪಾಲಿಸಿದೆ ಎಂಬುದೂ ನೋಡತಕ್ಕದ್ದೇ. ಸೇಂಟ್ ಮಾರ್ಕ್ಸ್ ಕೆಥೀಡ್ರಲ್‌ನಿಂದ ಹೆಸರು ಪಡೆದ ರಸ್ತೆಯ ಮೇಲೆ ಕೋಶೀಸ್ ಇದೆ, ಕೊಕ್ಕೆಯ ಸಮೇತ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಎಂ.ಜಿ. ರಸ್ತೆಯಲ್ಲಿ, 1905ರಲ್ಲಿ ಬಂದ ಹಿಗಿನ್‌ಬಾಥಮ್ಸ್ ಇದೆ, ಕೊಕ್ಕೆ ಇಲ್ಲದೆ. ಒಂದು ಕೋಶಿಯವರದು, ಇನ್ನೊಂದು ಹಿಗಿನ್‌ಬಾಥಮ್ ಅವರದು. ಹೆಸರುಗಳ ಕಟ್ಟೋಣ ಒಂದೇ, ಬರಹ ಬೇರೆ. ಹಿಗಿನ್‌ಬಾಥಮ್ಸ್‌ನ ಬೋರ್ಡು ನೋಡಿ ಯಾರೂ ನಕ್ಕಿಲ್ಲ. ಪುಲಕೇಶಿನಗರದ ಕಡೆ ಹೋದರೆ ಇನ್ನೂ ಸೊಗಸಾದ ಜೋಡಿ ಸಿಗುತ್ತದೆ. ಕೋಲ್ಸ್ ಪಾರ್ಕ್ ಮೈಸೂರಿನ ರೆಸಿಡೆಂಟ್ ಆಗಿದ್ದ ಆರ್ಥರ್ ಹೆನ್ರಿ ಕೋಲ್ ಹೆಸರಿನದು. ಅಲ್ಲಿನ ಎಸ್ ಒಡೆತನದ್ದು, ನ್ಯಾಯವಾಗಿ ಕೊಕ್ಕೆ ಬೇಕು. ರಿಚರ್ಡ್ಸ್ ಪಾರ್ಕ್ ಕಲೆಕ್ಟರ್ ಆಗಿದ್ದ ಎಫ್.ಜೆ. ರಿಚರ್ಡ್ಸ್ ಹೆಸರಿನದು, ಅಲ್ಲಿನ ಎಸ್ ಮನೆತನದ ಹೆಸರಿಗೇ ಸೇರಿದ್ದು, ಕೊಕ್ಕೆ ಹಾಕಿದರೆ ತಪ್ಪು. ಎರಡೂ ಪಾರ್ಕುಗಳ ಹೆಸರು ಒಂದೇ ರೀತಿ, ಕೊಕ್ಕೆಯಿಲ್ಲದೆ ಬರೆಯುವುದು ವಾಡಿಕೆ. ಬೆಳಗಿನ ವಾಕಿಂಗಿಗೆ ಬರುವವರಿಗೆ ಇದರಿಂದ ದಾರಿ ತಪ್ಪಿಲ್ಲ. ರಸೆಲ್ ಮಾರ್ಕೆಟ್, ಫ್ರೇಜರ್ ಟೌನ್, ಮರ್ಫಿ ಟೌನ್ ಇವುಗಳಲ್ಲಿ ಎಸ್ ಸಹ ಇಲ್ಲ: ಅರಮನೆಯ ಮೈದಾನ ಅರಮನೆ ಮೈದಾನವಾಗುವ ಹಾಗೆ ವಿಭಕ್ತಿ ಉದುರಿಸಿಕೊಂಡ ಸಮಾಸಗಳು ಅವು. ‘ಲೇಡೀಸ್ ಟೈಲರ್’ ಎಂದು ಕೊಕ್ಕೆಯೇ ಇಲ್ಲದೆ ಬರೆದರೂ ಇಂಗ್ಲಿಷ್ ಅದನ್ನು ಇದೇ ಲೆಕ್ಕದಲ್ಲಿ ಒಪ್ಪುತ್ತದೆ.

ಇಂಗ್ಲಿಷಿನ ತವರಿನಲ್ಲೂ ಹೀಗೆಯೇ. ಲಂಡನ್ನಿನ ಭೂಗತ ರೈಲಿನ ಒಂದೇ ಮಾರ್ಗದಲ್ಲಿ ಅಕ್ಕಪಕ್ಕದ ಎರಡು ನಿಲ್ದಾಣಗಳು: ಅರ್ಲ್ಸ್ ಕೋರ್ಟ್‌ಗೆ ಕೊಕ್ಕೆ ಇದೆ, ಬ್ಯಾರನ್ಸ್ ಕೋರ್ಟ್‌ಗೆ ಇಲ್ಲ. ಬರ್ಮಿಂಗ್‌ಹ್ಯಾಮ್ ನಗರಾಡಳಿತ 2009ರಲ್ಲಿ ರಸ್ತೆ ಫಲಕಗಳಿಂದ ಕೊಕ್ಕೆಯನ್ನು ಕೈಬಿಡುವುದಾಗಿ ಹೇಳಿತು. ವಾಟರ್‌ಸ್ಟೋನ್ಸ್ ಎಂಬ ದೊಡ್ಡ ಪುಸ್ತಕದಂಗಡಿ ಸಂಸ್ಥೆ 2012ರಲ್ಲಿ ತನ್ನ ಹೆಸರಿನಿಂದಲೇ ತೆಗೆದುಹಾಕಿತು. ಅಮೆರಿಕದಲ್ಲಿ ಊರು, ಬೆಟ್ಟ, ಕೊಳಗಳ ಹೆಸರು ಗೊತ್ತುಮಾಡಲು 1890ರಲ್ಲಿ ಸ್ಥಾಪನೆಯಾದ ಸರ್ಕಾರಿ ಮಂಡಳಿ ಒಡೆತನದ ಕೊಕ್ಕೆಗೆ ಮೊದಲಿನಿಂದಲೂ ವಿರುದ್ಧ. ಇಡೀ ದೇಶದಲ್ಲಿ ಅದು ವಿನಾಯಿತಿ ಕೊಟ್ಟ ಹೆಸರುಗಳು ಬೆರಳೆಣಿಕೆಯಷ್ಟು. ಸರ್ಕಾರ, ಪುಸ್ತಕದಂಗಡಿ ಕೊಕ್ಕೆ ಬಿಟ್ಟರೆ ಅದು ಧೋರಣೆ, ಪಿಜಿ ನಡೆಸುವವರು ತಪ್ಪಿದರೆ ಅದು ಅಜ್ಞಾನ.

ಇಷ್ಟಾದರೂ ಕೊಕ್ಕೆ ದಂಡ ಎನ್ನುವ ಹಾಗಿಲ್ಲ. ಅದು ಎಲ್ಲಿ ನಿಜಕ್ಕೂ ದುಡಿಯುತ್ತದೆ ಎಂಬುದಕ್ಕೆ ಹಲಸೂರು ಕೆರೆಯ ಪಕ್ಕದಲ್ಲೇ ಒಳ್ಳೆಯ ನಿದರ್ಶನವಿದೆ. 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನು ಕಟ್ಟಿಸಿದ ಗುತ್ತಿಗೆದಾರ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲಿ ಉಚಿತ ಶಾಲೆಯೊಂದನ್ನು ತೆರೆದರು. ಅದು ಬೆಳೆದು ವಿದ್ಯಾಸಂಸ್ಥೆಗಳ ಸಮೂಹವಾಯಿತು. ದಾನಿಯ ಹೆಸರಿನ ಮೊದಲಕ್ಷರಗಳು ಆರ್, ಬಿ, ಎ, ಎನ್, ಎಂ. ಆಮೇಲೆ ಕೊಕ್ಕೆ, ಎಸ್. ಅಂದರೆ ಮೊದಲಿಯಾರ್ ಅವರ ಧರ್ಮಸಂಸ್ಥೆ. ಕೊಕ್ಕೆ ಉದುರಿದ ಕೂಡಲೇ ಎಸ್ ಸಹ ಒಂದು ಮೊದಲಕ್ಷರದಂತೆ ಕಾಣತೊಡಗುತ್ತದೆ. ಕನ್ನಡ ಬೋರ್ಡುಗಳಲ್ಲಿ, ಬಸ್ ಕಂಡಕ್ಟರ್ ಬಾಯಲ್ಲಿ ಅದು ‘ಆರ್‌ಬಿಎಎನ್‌ಎಂಎಸ್’. ಕೊನೆಯ ಎಸ್ ಸ್ಕೂಲೋ ಸೊಸೈಟಿಯೋ ಎಂದು ಕೇಳಿದವರು ಊಹಿಸಿಕೊಳ್ಳಬೇಕು. ದಾನಿಗೂ ದಾನಕ್ಕೂ ಇದ್ದ ಸಂಬಂಧವನ್ನು ಹಿಡಿದಿಟ್ಟದ್ದು ಆ ಒಂದು ಕೊಕ್ಕೆ, ಅದು ಹೋದಾಗ ಒಬ್ಬ ಮನುಷ್ಯನ ಹೆಸರು ಅಕ್ಷರಗಳ ಸಾಲಾಗಿ ಉಳಿಯಿತು. ಚಿಹ್ನೆ ಉಪಯುಕ್ತ ಎಂಬುದಕ್ಕೆ ಪಿಜಿ ಬೋರ್ಡುಗಳನ್ನು ಅಣಕಿಸುವವರು ಕೊಡಬೇಕಾದ ಉದಾಹರಣೆ ಇದು. ಅವರು ಕೊಡುವುದಿಲ್ಲ, ಏಕೆಂದರೆ ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ತಪ್ಪಿನ ಕಾರಣಕ್ಕೆ ಬಂದರೆ, ಅದು ಮನೆಮಾತಿನಿಂದ ಬಂದದ್ದೇ ಆಗಿದ್ದರೆ ಇಂಗ್ಲಿಷೇ ಮನೆಮಾತಾದವರಲ್ಲಿ ಇರಬಾರದಿತ್ತು. ಆದರೆ ಈ ತಪ್ಪಿಗೆ ಇಂಗ್ಲೆಂಡಿನಲ್ಲಿ ಹೆಸರೇ ಇದೆ, ತರಕಾರಿ ಅಂಗಡಿಯವರ ಅಪಾಸ್ಟ್ರಫಿ ಎಂದು. ಅಲ್ಲಿನ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 2001ರಲ್ಲಿ ಅಪಾಸ್ಟ್ರಫಿ ಸಂರಕ್ಷಣೆಗೆಂದೇ ಸಂಘ ಕಟ್ಟಿ, 2019ರಲ್ಲಿ, 96ನೇ ವಯಸ್ಸಿನಲ್ಲಿ, ಅಜ್ಞಾನವೂ ಸೋಮಾರಿತನವೂ ಗೆದ್ದವೆಂದು ಹೇಳಿ ಸಂಘವನ್ನು ಮುಚ್ಚುವುದಾಗಿ ಸಾರಿದರು. ಅವರು ಕಾದಾಡಿದ್ದು ಶಿವಾಜಿನಗರದ ಅಂಗಡಿಗಳ ಮೇಲಲ್ಲ, ತಮ್ಮ ನಾಡಿನ ಅಂಗಡಿಗಳ ಮೇಲೆ. ಜರ್ಮನಿಯಲ್ಲಿ ಒಡೆತನಕ್ಕೆ ಕೊಕ್ಕೆ ಹಾಕುವುದನ್ನು ‘ಮೂರ್ಖರ ಅಪಾಸ್ಟ್ರಫಿ’ ಎಂದು ದಶಕಗಳ ಕಾಲ ಹಂಗಿಸಿದ ಮೇಲೆ, 2024ರಲ್ಲಿ ಅಲ್ಲಿನ ಕಾಗುಣಿತ ಮಂಡಳಿ ಅಂಗಡಿ, ಬಾರುಗಳ ಹೆಸರಿಗೆ ಅದು ಸಲ್ಲುತ್ತದೆ ಎಂದು ಒಪ್ಪಿಕೊಂಡಿತು. ಡಚ್ ಭಾಷೆಯಲ್ಲಂತೂ ಫೋಟೊ, ಆಟೊ, ಟ್ಯಾಕ್ಸಿಗಳ ಬಹುವಚನಕ್ಕೆ ಕೊಕ್ಕೆ ಹಾಕಿ ಎಸ್ ಬರೆಯುವುದೇ ಸರಿ, ಹಾಕದಿದ್ದರೆ ತಪ್ಪು. ಇಂಗ್ಲಿಷಿನಲ್ಲೇ ಒಂಟಿ ಅಕ್ಷರಗಳ ಬಹುವಚನಕ್ಕೆ ಇಂದೂ ಕೊಕ್ಕೆ ಹಾಕುತ್ತಾರೆ. ನ್ಯೂಯಾರ್ಕ್ ಟೈಮ್ಸ್ ಬಹುಕಾಲ 1980ರ ದಶಕ ಎನ್ನುವಾಗ ಅಂಕಿಗೂ ಎಸ್‌ಗೂ ನಡುವೆ ಕೊಕ್ಕೆ ಹಾಕುತ್ತಿತ್ತು. ‘ಪಿಜಿ’ಗೆ ಕೊಕ್ಕೆ ಹಾಕಿ ಎಸ್ ಬರೆದ ಬೋರ್ಡಿಗೆ ಹೀಗೆ ಕುಲೀನ ಬಂಧುಗಳು ಬೇಕಾದಷ್ಟು.

ನಿಜವಾದ ಕಾರಣ ಇಂಗ್ಲಿಷಿನ ಒಳಗೇ ಇದೆ. ‘ಗರ್ಲ್ಸ್’ ಎಂಬ ಒಂದೇ ಉಲಿ ಹುಡುಗಿಯರು, ಹುಡುಗಿಯ, ಹುಡುಗಿಯರ ಎಂಬ ಮೂರಕ್ಕೂ ಸಲ್ಲುತ್ತದೆ. ಕಿವಿಗೆ ಕೇಳದ ವ್ಯತ್ಯಾಸವನ್ನು ಕಣ್ಣಿಗೆ ತೋರಿಸಲು ಮುದ್ರಕರು ಹೂಡಿದ ಉಪಾಯ ಕೊಕ್ಕೆ. ಕೇಳದ್ದನ್ನು ಬರೆಯುವಾಗ ಕೈ ತಡವರಿಸುವುದು ಸಹಜ. ಬೋರ್ಡು ಆಗುವ ಬಗೆ ನೋಡಿದರೆ ಇದು ಇನ್ನೂ ಸ್ಪಷ್ಟ. ಪಿಜಿ ಓನರ್ ಫ್ಲೆಕ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು ಬಾಯಲ್ಲಿ ಹೇಳುತ್ತಾರೆ: ಲೇಡೀಸ್ ಪಿಜಿ, ಟೂ ಶೇರಿಂಗ್, ತ್ರೀ ಶೇರಿಂಗ್, ಫುಡ್ ಇದೆ, ವೈಫೈ ಇದೆ, ಕೆಳಗೆ ಎರಡು ನಂಬರ್ ಹಾಕಿ. ಡಿಟಿಪಿ ಹುಡುಗ ಕೇಳಿದ್ದನ್ನು ಒತ್ತುತ್ತಾನೆ. ಎಸ್ ಬಂದಾಗ ಕೊಕ್ಕೆ ಬರಬೇಕೆಂಬ ಅರೆನೆನಪು ಶಾಲೆಯದು. ಹಿಂದೆ ಮಾಡಿದ ಇನ್ನೊಂದು ಪಿಜಿಯ ಫೈಲು ತೆರೆದು ಹೆಸರು, ನಂಬರ್ ಮಾತ್ರ ಬದಲಿಸುವುದು ಕಸುಬಿನ ರೂಢಿ. ಪ್ರೂಫ್ ವಾಟ್ಸ್ಆ್ಯಪ್‌ಗೆ ಹೋಗುತ್ತದೆ, ಓನರ್ ಫೋನ್ ನಂಬರ್ ಸರಿಯಿದೆಯೇ ನೋಡಿ ಓಕೆ ಎನ್ನುತ್ತಾರೆ. ಒಂದು ಫೈಲಿನ ತಪ್ಪು ಹೀಗೆ ನಲವತ್ತು ಕಂಬ ಹತ್ತುತ್ತದೆ. ಇದರಲ್ಲಿ ಯಾರ ಇಂಗ್ಲಿಷ್ ಜ್ಞಾನದ ಪರೀಕ್ಷೆಯೂ ನಡೆದಿಲ್ಲ. ಗಮನಿಸಬೇಕಾದ್ದು ಇನ್ನೊಂದು: ಕೊಕ್ಕೆಯ ಹೆಸರನ್ನೇ ಕೇಳದವರು ಈ ತಪ್ಪು ಮಾಡುವುದಿಲ್ಲ. ಇದು ಇಂಗ್ಲಿಷ್ ಪಾಠ ಕೇಳಿದವರ ತಪ್ಪು, ಅರ್ಧ ಹೇಳಿ ನಿಲ್ಲಿಸಿದ ಪಾಠದ ಫಲ.

ಆ ಪಾಠವಾದರೂ ಹೇಗೆ ನಡೆಯುತ್ತದೆ? ಕಾನ್ವೆಂಟುಗಳಲ್ಲಿ ತಲೆಮಾರುಗಳಿಂದ ಓದಿಸುವ ವ್ರೆನ್ ಮತ್ತು ಮಾರ್ಟಿನ್ ವ್ಯಾಕರಣ ಈ ವಿಭಕ್ತಿಯನ್ನು ಹೆಚ್ಚಾಗಿ ಜೀವವಿರುವವುಗಳ ಹೆಸರಿಗೆ ಬಳಸಬೇಕೆನ್ನುತ್ತದೆ. ಇಂಗ್ಲಿಷ್ ಪತ್ರಿಕೆಗಳು ನಗರಕ್ಕೂ ಕಂಪನಿಗೂ ದಿನವೂ ಕೊಕ್ಕೆ ಹಾಕಿ ಬರೆಯುತ್ತವೆ. ಮಕ್ಕಳು ನಿಯಮ, ಅಪವಾದ, ಅಪವಾದದ ಅಪವಾದ ಎಂದು ಉರುಹೊಡೆದು ಪರೀಕ್ಷೆಯ ಮರುದಿನ ಮರೆಯುತ್ತಾರೆ. ಅದೇ ಮಕ್ಕಳ ಕೈಯಲ್ಲಿ ಕೀಲಿಕೈ ಆಗಲೇ ಇದೆ. ಇಂಗ್ಲಿಷ್ ಒಂದೇ ಉಲಿಯಲ್ಲಿ ಕಲಸಿಹಾಕಿದ ಮೂರನ್ನು ಕನ್ನಡ ಮೂರಾಗಿಯೇ ಕೇಳಿಸುತ್ತದೆ. ‘ಹುಡುಗಿಯರು ಬಂದರು’: ಕೊಕ್ಕೆ ಇಲ್ಲ. ‘ಹುಡುಗಿಯ ಚೀಲ’: ಎಸ್‌ಗೆ ಮುಂಚೆ. ‘ಹುಡುಗಿಯರ ಹಾಸ್ಟೆಲು’: ಎಸ್ ಆದಮೇಲೆ. ‘ನನ್ನ, ಅವನ, ಅದರ’ ಇವು ಸರ್ವನಾಮಗಳು, ತಾವಾಗಿಯೇ ಒಡೆತನ ಹೇಳುತ್ತವೆ, ಆದ್ದರಿಂದ ಇಂಗ್ಲಿಷಿನಲ್ಲೂ ಕೊಕ್ಕೆಯಿಲ್ಲ. ಇದರಿಂದ ‘ಇಟ್ಸ್’ನ ಗೊಂದಲವೂ ತೀರುತ್ತದೆ. ಷಷ್ಠೀ ವಿಭಕ್ತಿ ಎಂಬ ಹೆಸರು ತಿಳಿಯದ, ಕೇಶಿರಾಜನ ಶಬ್ದಮಣಿದರ್ಪಣ ಕಂಡಿಲ್ಲದ ಮೂರನೇ ತರಗತಿಯ ಮಗುವೂ ‘ಹುಡುಗಿಯರು ಚೀಲ’ ಎನ್ನುವುದಿಲ್ಲ. ತಮಿಳಿನ ಮನೆಗಳಿಗೂ ದಖನಿ ಉರ್ದುವಿನ ಮನೆಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಆ ಭಾಷೆಗಳೂ ಬಹುವಚನವನ್ನೂ ಒಡೆತನವನ್ನೂ ಬೇರೆ ಬೇರೆ ಉಲಿಗಳಲ್ಲಿ ಹೇಳುತ್ತವೆ. ಈ ವಿಚಾರದಲ್ಲಿ ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗಿಂತ ಶಿವಾಜಿನಗರದ ಮಗು ಒಂದು ಹೆಜ್ಜೆ ಮುಂದೆಯೇ ಇದೆ. ಆ ಹೆಜ್ಜೆಯನ್ನು ಹಿಂದಕ್ಕೆಳೆಯುವುದು, ಇಂಗ್ಲಿಷ್ ತರಗತಿಯಲ್ಲಿ ಮನೆಮಾತು ಆಡಬಾರದು, ಆಡಿದರೆ ದಂಡ ಎಂಬ ಕಟ್ಟಳೆ. ಕೊಕ್ಕೆಯ ತಪ್ಪಿಗೆ ಮನೆಮಾತನ್ನು ದೂರುವವರೇ ಅದರ ಮದ್ದನ್ನೂ ಹೊರಗಿಟ್ಟು ಬಾಗಿಲು ಹಾಕಿದ್ದಾರೆ. (ಒಂದು ಎಚ್ಚರ ಬೇಕು: ಕನ್ನಡ ಸಂಖ್ಯೆಯ ಜೊತೆ ‘ಗಳು’ ಬಿಡುತ್ತದೆ. ‘ಹತ್ತು ರೂಪಾಯಿ’ ಎಂದು ಕೇಳಿ ಏಕವಚನವೆಂದುಕೊಳ್ಳಬಾರದು.)

ಉದ್ಯೋಗದ ಜರಡಿಯಾಗಿ ಕೊಕ್ಕೆಯನ್ನು ಬಳಸುವುದು ಎಲ್ಲಕ್ಕಿಂತ ಕೆಟ್ಟದ್ದು. ವೈಟ್‌ಫೀಲ್ಡ್ ಕಡೆಯ ಕಾಲ್ ಸೆಂಟರಿನ ಕೆಲಸ ಇಡೀ ಬಾಯಿ ಕಿವಿಗಳದ್ದು. ಅಲ್ಲಿ ಕೊಕ್ಕೆ ಕೇಳಿಸುವುದೇ ಇಲ್ಲ. ಕೋಡ್ ಬರೆಯುವ ಕೆಲಸದಲ್ಲಿ ಅದಕ್ಕೆ ಬೇರೆಯೇ ಅರ್ಥ. ಕೊಕ್ಕೆಯಿಂದ ಅಳೆಯಬಹುದಾದ್ದು ಅಭ್ಯರ್ಥಿ ಓದಿದ ಶಾಲೆಯ ಶುಲ್ಕವನ್ನು, ಅದನ್ನೂ ಅಂದಾಜಿಗೆ. ಅದೇ ಕಚೇರಿಗಳ ಬಾಗಿಲ ಮೇಲಿನ ಕನ್ನಡವನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ಬೋರ್ಡಿನ ಶೇ. 60 ಭಾಗ, ಅದೂ ಮೇಲ್ಭಾಗದಲ್ಲಿ, ಕನ್ನಡವಿರಬೇಕು. ಕಾನೂನಿನ ಅವಸರಕ್ಕೆ ನೂರಡಿ ರಸ್ತೆಯ ಎಷ್ಟೋ ಮಳಿಗೆಗಳು ಹಾಕಿಸಿದ ಕನ್ನಡದಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ, ದೀರ್ಘ ಮಾಯವಾಗಿರುತ್ತದೆ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿರುತ್ತವೆ. ಅದು ಬರೀ ಚಿಹ್ನೆಯ ತಪ್ಪಲ್ಲ, ಓದಿದರೆ ಪದವೇ ಬೇರೆಯಾಗುತ್ತದೆ. ಅದಕ್ಕಾಗಿ ಆ ಕಂಪನಿಯ ವ್ಯವಸ್ಥಾಪಕರ ವಿದ್ಯೆಯನ್ನು ಯಾರೂ ಶಂಕಿಸಿಲ್ಲ. ಸಾಫ್ಟ್‌ವೇರ್ ತೊಂದರೆ ಎಂದು ಬಿಟ್ಟುಬಿಡುತ್ತಾರೆ. ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಆ ರಿಯಾಯಿತಿ ಇಲ್ಲ.

ಕೊಕ್ಕೆಯನ್ನೇ ಕಿತ್ತುಹಾಕಿದರೆ ಗೋಳು ತಪ್ಪುತ್ತದೆ ಎನ್ನುವವರೂ ಇದ್ದಾರೆ. ನಾಟಕಕಾರ ಬರ್ನಾರ್ಡ್ ಷಾ ಬಿಟ್ಟ ಅಕ್ಷರ ತೋರಿಸುವ ಕೊಕ್ಕೆಗಳನ್ನು ಸಾಧ್ಯವಾದಲ್ಲೆಲ್ಲ ಬಿಟ್ಟೇ ಬರೆದರು. ಬೋರ್ಡಿನ ಮಟ್ಟಿಗೆ ಈ ವಾದ ನಡೆಯುತ್ತದೆ: ಕನ್ನಡದಲ್ಲಿ ‘ಲೇಡೀಸ್ ಪಿಜಿ’ ಎಂದು ಬರೆದಾಗ ಕೊಕ್ಕೆಯ ಸುಳಿವೇ ಇಲ್ಲ, ಅದರಿಂದಾಗಿ ಜೆಂಟ್ಸ್ ಯಾರೂ ಒಳಗೆ ನುಗ್ಗಿಲ್ಲ. ಆದರೆ ಕರಾರು ಪತ್ರದಲ್ಲಿ ನಡೆಯುವುದಿಲ್ಲ. ಇಂದಿರಾನಗರದ ಮನೆಯೊಂದನ್ನು ಇಬ್ಬರು ಸೇರಿ 11 ತಿಂಗಳ ಅಗ್ರಿಮೆಂಟಿಗೆ ಹಿಡಿದರು ಎನ್ನಿ. ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆಯನ್ನು ‘ಟೆನೆಂಟ್ಸ್’ ಅಡ್ವಾನ್ಸಿನಿಂದ ಮುರಿದುಕೊಳ್ಳುವುದು ಎಂಬ ಷರತ್ತಿದೆ. ಕೊಕ್ಕೆ ಎಸ್‌ಗೆ ಮುಂಚೆ ಇದ್ದರೆ ಒಬ್ಬರ ಅಡ್ವಾನ್ಸು, ಆಚೆ ಇದ್ದರೆ ಇಬ್ಬರದು. ಮೊದಲು ಮನೆ ಬಿಟ್ಟವರು ಯಾರೆಂಬುದರ ಮೇಲೆ ಜಗಳ ನಿಲ್ಲುತ್ತದೆ. ಮೇಯೋ ಹಾಲ್ ಆವರಣದ ಸುತ್ತ ಇಂಥ ಪತ್ರ ಸಿದ್ಧಪಡಿಸುವ ನುರಿತ ವಕೀಲರು ಕೊಕ್ಕೆಯನ್ನು ನಂಬಿ ಕೂರುವುದಿಲ್ಲ. ಒಂದನೇ ಬಾಡಿಗೆದಾರ, ಎರಡನೇ ಬಾಡಿಗೆದಾರ ಎಂದು ಹೆಸರು ಸಹಿತ ನಮೂದಿಸಿ, ‘ಇಬ್ಬರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ’ ಎಂದು ಸೇರಿಸಿ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತಾರೆ.